ಸಂಶೋಧನ ಲೇಖನದ ಸಿದ್ಧತೆ

ವಿಶ್ವವಿದ್ಯಾಲಯದಲ್ಲಿ ಸಂಶೋಧನೆಗೆ ತೊಡಗಿದ ಮಗನಾಗಲಿ ಮಗಳಾಗಲಿ ಮನೆಗೆ ಬಂದು, "ವಿದ್ವತ್ಪತ್ರಿಕೆಗೆ ಲೇಖನವನ್ನು ಕಳುಹಿಸಬೇಕಾಗಿದೆ" ಎಂದರೆ, ಹಿರಿಯರಲ್ಲಿ ಅನೇಕರು ಅದನ್ನು ವಾರಪತ್ರಿಕೆಗೆ ಕಥೆ ಬರೆದು ಕಳುಹಿಸಿದಂತೆ ನಾಲ್ಕು ದಿನದ ಕೆಲಸವೆಂದು ಭಾವಿಸುವುದುಂಟು. ತಿಂಗಳುಗಳು ಕಳೆದರೂ ಲೇಖನವು ಅಚ್ಚಾಗದೆ ಹೋದರೆ ಮಕ್ಕಳ ಬುದ್ಧಿಯ ಮೇಲೆಯೇ ಸಂದೇಹಪಡುವರು. ಇಲ್ಲವೆ, ಹಣ ಕೊಟ್ಟರೆ ಒಡನೆಯೇ ಅಚ್ಚುಹಾಕಿ ಕೊಡುವೆವೆಂಬ ಮಾತಿಗೆ ಮರುಳಾಗುವರು. ಸಿರವಾರ, ಮಾನ್ವಿ, ದೇವದುರ್ಗಗಳಂತಹ ಊರುಗಳಿಂದ, ಹತ್ತಿ ಭತ್ತಗಳ ಹೊಲಮನೆಗಳಿಂದ, ವಂಶದಲ್ಲಿ ಮೊದಲಿಗರಾಗಿ ಈ ದಾರಿಯನ್ನು ಹಿಡಿದವರಿಗೆ ಇದರ ಕ್ರಮವನ್ನು ಹೇಳಿಕೊಡುವವರು ಮನೆಯಲ್ಲಿ ಇರುವುದಿಲ್ಲ. ಆದುದರಿಂದ ಈ ವಿಷಯವನ್ನು ಗೃಹಸ್ಥರ ಮುಂದಿಡುವುದು ಅನುಚಿತವಾಗಲಾರದು.

ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ರಾಯಚೂರು ಜಿಲ್ಲೆಯ ಮಸ್ಕಿಯ ಬೆಟ್ಟದಲ್ಲಿ 1915ರಲ್ಲಿ ಬೀಡನ್ ಎಂಬ ಗಣಿ ಇಂಜಿನಿಯರರು ಬಂಡೆಯ ಮೇಲಿನ ಬ್ರಾಹ್ಮೀ ಬರಹವೊಂದನ್ನು ಕಂಡರು. ಶಾಸನತಜ್ಞರಾದ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ, ಅದೇ ವರ್ಷ ಹೈದರಾಬಾದು ಸಂಸ್ಥಾನದ ಪುರಾತತ್ತ್ವ ಗ್ರಂಥಮಾಲೆಯ ಮೊದಲನೆಯ ಸಂಚಿಕೆಯಾಗಿ ಪ್ರಕಟಿಸಿದರು. ಅಲ್ಲಿಯವರೆಗೆ ದೊರೆತಿದ್ದ ಧರ್ಮಶಾಸನಗಳಲ್ಲಿ ಅರಸನು ತನ್ನನ್ನು 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದು ಮಾತ್ರ ಹೇಳಿಕೊಂಡಿದ್ದನು. ಮಸ್ಕಿಯ ಕಲ್ಲಿನಲ್ಲಿ ಅಶೋಕನೆಂಬ ಹೆಸರು ಸ್ಪಷ್ಟವಾಗಿ ದೊರೆಯಿತು. ಆ ಶಾಸನದಲ್ಲಿ ಅಳಿದುಹೋದ ಅಕ್ಷರಗಳೂ ಉಂಟು. ಆದರೆ ಹೆಸರಿನ ಅಕ್ಷರಗಳು ಉಳಿದಿದ್ದುವು.

ಆದರೂ ಪ್ರಿಯದರ್ಶಿಯೇ ಅಶೋಕನೆಂಬ ಮಾತು 1915ರಲ್ಲಿ ಹೊಸದಾಗಿ ಹುಟ್ಟಿದುದಲ್ಲ. 1837ರಲ್ಲಿ ಬ್ರಾಹ್ಮೀ ಲಿಪಿಯನ್ನು ಬಿಡಿಸಿದ ಜೇಮ್ಸ್ ಪ್ರಿನ್ಸೆಪ್ಪರು, ಪ್ರಿಯದರ್ಶಿಯೆಂದರೆ ಸಿಂಹಳದ ಅರಸನೊಬ್ಬನಿರಬೇಕೆಂದು ಮೊದಲು ಬರೆದರು. ಸಿಂಹಳದಲ್ಲಿದ್ದ ಜಾರ್ಜ್ ಟರ್ನರರು ಪಾಳಿ ಗ್ರಂಥಗಳ ಆಧಾರದಿಂದ, ಆ ಹೆಸರು ಅಶೋಕನದೆಂದು ತೋರಿಸಿಕೊಟ್ಟರು. ಈ ತಿದ್ದುಪಡಿಯೂ ಅದೇ ವರ್ಷ, ಪ್ರಿನ್ಸೆಪ್ಪರೇ ಸಂಪಾದಿಸುತ್ತಿದ್ದ ಬಂಗಾಳದ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಇದರ ಸ್ವಾರಸ್ಯವನ್ನು ವಾಚಕರು ಗಮನಿಸಬೇಕು. ಪ್ರಿನ್ಸೆಪ್ಪರು ತಾವು ಓದಿದ ಪಾಠವನ್ನೂ ಅದರಿಂದ ಊಹಿಸಿದುದನ್ನೂ ಬೇರೆ ಬೇರೆಯಾಗಿ ಮುಂದಿಟ್ಟಿದ್ದುದರಿಂದಲೇ, ಊಹೆಯು ಬಿದ್ದುಹೋದರೂ ಪಾಠವು ನಿಂತಿತು. ಎಪ್ಪತ್ತೆಂಟು ವರ್ಷಗಳ ತರುವಾಯ ಮಸ್ಕಿಯ ಕಲ್ಲು ಟರ್ನರರ ಮಾತಿಗೆ ಸಾಕ್ಷಿ ನುಡಿಯಿತು. ಕಂಡುದೆಷ್ಟು, ಊಹಿಸಿದುದೆಷ್ಟು ಎಂಬುದನ್ನು ಪರರು ಪರೀಕ್ಷಿಸುವಂತೆ ಬೇರ್ಪಡಿಸಿಡುವುದೇ ಸಂಶೋಧನ ಲೇಖನದ ಸಿದ್ಧತೆಯ ಜೀವಾಳ.

ಸಿರವಾರದ ಸುತ್ತಿನ ಯಾವುದೋ ಹಳ್ಳಿಯ ಗುಡಿಯ ಮುಂದೆ ಶಾಸನವೊಂದು ವಿದ್ಯಾರ್ಥಿನಿಯೊಬ್ಬಳ ಕಣ್ಣಿಗೆ ಬಿದ್ದಿತೆಂದು ಇಟ್ಟುಕೊಳ್ಳೋಣ. ಲೇಖನಿಯನ್ನು ಹಿಡಿಯುವ ಮೊದಲು ಅದು ನಿಜವಾಗಿಯೂ ಅಪ್ರಕಟಿತವೇ ಎಂದು ಆಕೆ ವಿಚಾರಿಸಬೇಕು. ಎಪಿಗ್ರಾಫಿಯಾ ಇಂಡಿಕಾ, ಪುರಾತತ್ತ್ವ ಇಲಾಖೆಯ ವಾರ್ಷಿಕ ವರದಿಗಳು, ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಶಾಸನ ಸಂಪುಟಗಳು, ಇವುಗಳನ್ನು ತಿರುವಿಹಾಕಬೇಕು. ಸಿರವಾರವು ಈಚೆಗೆ ತಾಲೂಕಿನ ಕೇಂದ್ರವಾದುದು. ಹಳೆಯ ವರದಿಗಳಲ್ಲಿ ಅದನ್ನು ಮಾನ್ವಿಯ ಹೆಸರಿನಡಿಯಲ್ಲಿ ಹುಡುಕಬೇಕೆಂಬುದನ್ನು ಮರೆತರೆ, ಇದ್ದುದನ್ನೇ ಇಲ್ಲವೆಂದು ಬರೆಯುವ ಅಪಾಯವುಂಟು. ಅನಂತರ ಕಲ್ಲನ್ನು ನೀರಿನಿಂದ ತೊಳೆದು, ಒದ್ದೆಯ ಕಾಗದವನ್ನು ಹಾಸಿ, ಕುಂಚದಿಂದ ಬಡಿದು, ಮಸಿಯನ್ನು ಒತ್ತಿ ಪಡಿಯಚ್ಚು ತೆಗೆಯಬೇಕು. ಸುಣ್ಣದಿಂದಲೋ ಬಣ್ಣದಿಂದಲೋ ಅಕ್ಷರಗಳನ್ನು ತುಂಬುವುದು ಕೂಡದು. ಹಾಗೆ ತುಂಬಿದಾಗ ಓದುಗನಿಗೆ ಕಾಣುವುದು ಬಣ್ಣ ತುಂಬಿದವನ ಅಭಿಪ್ರಾಯ. ಕಲ್ಲಿನ ಅಳತೆ, ಸಾಲುಗಳ ಸಂಖ್ಯೆ, ನಿಂತಿರುವ ಸ್ಥಳ ಇವೆಲ್ಲವೂ ಆ ದಿನವೇ ಟಿಪ್ಪಣಿಗೆ ಸೇರತಕ್ಕದ್ದು.

ಪಾಠವನ್ನು ಬರೆಯುವಾಗ ಅಳಿದುಹೋದ ಅಕ್ಷರಗಳಿಗೆ ಚುಕ್ಕಿಗಳನ್ನಿಟ್ಟು, ಸಂದಿಗ್ಧವಾದವುಗಳನ್ನು ಚೌಕ ಕಂಸದೊಳಗೆ ಸೇರಿಸುವುದು ವಾಡಿಕೆ. ಎಳೆಯರಿಗೆ ಈ ಚುಕ್ಕಿಗಳನ್ನು ಕಂಡರೆ ನಾಚಿಕೆ! ಅವು ತಮ್ಮ ಅಜ್ಞಾನವನ್ನು ಸಾರುವುವೆಂದು ಅವರು ಬಗೆಯುವರು. ಬಲ್ಲವರು ಅವುಗಳನ್ನು ನೋಡಿಯೇ ಬರೆದವರ ಮೇಲೆ ನಂಬಿಕೆಯಿಡುವರು. ದಾನ ಕೊಟ್ಟವನು ಯಾವ ಅರಸನ ಸಾಮಂತನಾಗಿದ್ದಿರಬಹುದೆಂಬ ಚರ್ಚೆ ಬೇರೆ ಭಾಗಕ್ಕೆ ಸೇರಿದುದು.

ಕೃಷಿವಿಜ್ಞಾನದ ಲೇಖನದಲ್ಲಿಯೂ ನ್ಯಾಯ ಇದೇ. ಒಂದು ಮಡಿಯಲ್ಲಿ ಹತ್ತಿ ಚೆನ್ನಾಗಿ ಬಂದಿತೆಂದರೆ ಸಾಲದು. ಎಷ್ಟು ಮಡಿಗಳಲ್ಲಿ, ಯಾವ ಮಣ್ಣಿನಲ್ಲಿ, ಎಷ್ಟು ನೀರುಣಿಸಿ, ಯಾವ ಹಂಗಾಮಿನಲ್ಲಿ ನೋಡಿದುದೆಂದು ಹೇಳಬೇಕು. ಬಾರದೆ ಹೋದ ಮಡಿಯನ್ನು ಲೆಕ್ಕದಿಂದ ಬಿಡಲಾಗದು.

ಬರವಣಿಗೆಯು ಮುಗಿದ ಮೇಲೆ ಸಾರಾಂಶವನ್ನು ಕಟ್ಟಕಡೆಗೆ ಬರೆಯುವುದು ಲೇಸು. ಪ್ರತಿಯೊಂದು ಪತ್ರಿಕೆಯೂ ಪುಟಗಳ ಮಿತಿ, ಚಿತ್ರಗಳ ಅಳತೆ, ಆಧಾರಗ್ರಂಥಗಳನ್ನು ಸೂಚಿಸುವ ರೀತಿ ಮುಂತಾದ ನಿಯಮಗಳನ್ನು ಪ್ರಕಟಿಸಿರುವುದು. ಅವುಗಳಿಗೆ ತಪ್ಪಿದ ಲೇಖನವು ಪರಿಶೀಲಕರನ್ನು ಮುಟ್ಟದೆಯೇ ಹಿಂದಿರುಗಬಹುದು. ಒಂದೇ ಲೇಖನವನ್ನು ಏಕಕಾಲದಲ್ಲಿ ಎರಡು ಪತ್ರಿಕೆಗಳಿಗೆ ಕಳುಹಿಸಕೂಡದು. ಕೆಲಸದಲ್ಲಿ ಪಾಲುಗೊಳ್ಳದವರ ಹೆಸರನ್ನು ದಾಕ್ಷಿಣ್ಯಕ್ಕಾಗಿ ಸೇರಿಸುವ ಪದ್ಧತಿಯು ನಮ್ಮಲ್ಲಿ ವಿಶೇಷವಾಗಿರುವುದು. ಅದು ನನಗೆ ಸರಿಯಾಗಿ ತೋರುವುದಿಲ್ಲ.

ಇನ್ನು ಹಣದ ಮಾತು. ಪಿ.ಎಚ್.ಡಿ. ಪದವಿಗೆ ಲೇಖನವೊಂದು ಪ್ರಕಟವಾಗಿರಲೇಬೇಕೆಂದು 2016ರ ಯು.ಜಿ.ಸಿ. ನಿಯಮವಿದ್ದಿತು, 2022ರ ನಿಯಮಗಳಲ್ಲಿ ಆ ಕಡ್ಡಾಯವು ಉಳಿಯಲಿಲ್ಲ. ಅಷ್ಟರಲ್ಲಿ ಅವಸರದವರನ್ನೇ ನಂಬಿ ಬದುಕುವ ಪತ್ರಿಕೆಗಳು ಹುಟ್ಟಿಕೊಂಡಿದ್ದುವು. 2018ರಲ್ಲಿ ಯು.ಜಿ.ಸಿ.ಯವರು ತಮ್ಮ ಪಟ್ಟಿಯಿಂದ 4,000ಕ್ಕೂ ಹೆಚ್ಚು ಪತ್ರಿಕೆಗಳನ್ನು ತೆಗೆದುಹಾಕಿದರು. ಅನಂತರ ಬಂದ 'ಕೇರ್' ಪಟ್ಟಿಯನ್ನೂ 2025ರಲ್ಲಿ ನಿಲ್ಲಿಸಿದರು. ಹೀಗಿರಲು ಪತ್ರಿಕೆಯ ಯೋಗ್ಯತೆಯನ್ನು ನಾವೇ ಅಳೆಯಬೇಕಾಗಿದೆ. ಶುಲ್ಕವನ್ನು ಕೇಳುವ ಪತ್ರಿಕೆಗಳೆಲ್ಲವೂ ಕೆಟ್ಟವಲ್ಲ. ಆದರೆ ಎರಡು ದಿನಗಳಲ್ಲಿ ಒಪ್ಪಿಗೆಯನ್ನು ಕೊಟ್ಟು, ಒಂದು ಪ್ರಶ್ನೆಯನ್ನೂ ಕೇಳದೆ ಹಣದ ಚೀಟಿಯನ್ನು ಕಳುಹಿಸುವ ಪತ್ರಿಕೆಯಲ್ಲಿ ಲೇಖನವನ್ನು ಯಾರೂ ಓದಿಲ್ಲವೆಂದು ತಿಳಿಯಬಹುದು. ಹಳೆಯ ಸಂಚಿಕೆಗಳನ್ನು ನಾಲ್ಕು ಓದಿ, ಸಂಪಾದಕ ಮಂಡಲಿಯಲ್ಲಿ ಹೆಸರಿರುವ ಒಬ್ಬರಿಗೆ ಕಾಗದ ಬರೆದು ವಿಚಾರಿಸಿದರೆ, ಕುಟುಂಬದ ಹಣವೂ ಮಕ್ಕಳ ಹೆಸರೂ ಉಳಿದಾವು.

ಯೋಗ್ಯ ಪತ್ರಿಕೆಯಿಂದ ಪರಿಶೀಲಕರ ಆಕ್ಷೇಪಣೆಗಳು ಬರಲು ಹಲವು ತಿಂಗಳುಗಳು ಹಿಡಿದಾವು. ಅವು ಕಟುವಾಗಿದ್ದರೂ ಒಂದೊಂದಕ್ಕೂ ಸಾವಧಾನವಾಗಿ ಉತ್ತರ ಬರೆದು, ಒಪ್ಪಿದುದನ್ನು ತಿದ್ದಿ, ಒಪ್ಪದುದಕ್ಕೆ ಕಾರಣವನ್ನು ತಿಳಿಸಬೇಕು. ಆ ದಿನಗಳಲ್ಲಿ ಮನೆಯವರು "ಇನ್ನೂ ಬರಲಿಲ್ಲವೇ?" ಎಂದು ಕೇಳದಿರುವುದೇ ದೊಡ್ಡ ಸಹಾಯ. ಕಡೆಯಲ್ಲಿ ಕರಡಚ್ಚು ಬಂದಾಗ ಮಾತ್ರ ಮನೆಮಂದಿಯೂ ಒಂದು ಕೈ ಹಾಕಬಹುದು. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದಿದರೆ ಮತ್ತೊಬ್ಬರು ಅಚ್ಚನ್ನು ನೋಡಬಹುದು. ಅಂಕಿಗಳನ್ನೂ ಊರುಗಳ ಹೆಸರುಗಳನ್ನೂ ಎರಡು ಸಲ ನೋಡುವುದು ಅವಶ್ಯ. ಲೇಖನವು ಇಂಗ್ಲಿಷಿನಲ್ಲಿದ್ದರೆ, ಕನ್ನಡದ ಳಕಾರವನ್ನು ತೋರಿಸಲು ರೋಮನ್ ಅಕ್ಷರದ ಕೆಳಗೆ ಇಡುವ ಚುಕ್ಕಿಯು ಅಚ್ಚುಮನೆಯಲ್ಲಿ ಉದುರಿಹೋಗುವುದುಂಟು. ಆಗ ನಮ್ಮ ಹಳ್ಳಿಗಳೆಲ್ಲವೂ ಹಲ್ಲಿಗಳಾಗಿ ದೇಶಾಂತರದ ಪಂಡಿತರ ಮುಂದೆ ನಿಲ್ಲುವುವು.