ಆಫೀಸ್ ಪಾರ್ಟಿಯ ‘ಆರ್ ಡರ್ವ್’: ಯಾವುದು ಸಲ್ಲುತ್ತದೆ, ಯಾವುದು ಸಲ್ಲದು

ಡಿಸೆಂಬರ್ ಬಂತೆಂದರೆ ಅಮೆರಿಕದ ಆಫೀಸುಗಳಲ್ಲಿ ಒಂದು ಪಟ್ಟಿ ಓಡಾಡತೊಡಗುತ್ತದೆ. ಕ್ರಿಸ್‌ಮಸ್, ಹನುಕ್ಕಾ, ಕ್ವಾನ್ಜಾ, ಹೊಸ ವರ್ಷ ಎಲ್ಲವನ್ನೂ ಒಟ್ಟಿಗೆ ಸೇರಿಸಿ ‘ಹಾಲಿಡೇ ಪಾರ್ಟಿ’ ಎಂದು ಕರೆಯುವ ಕೂಟಕ್ಕೆ ಯಾರು ಏನು ತರುತ್ತಾರೆ ಎಂಬ ಪಟ್ಟಿ ಅದು. ಮೇನ್ ಡಿಶ್, ಸೈಡ್ ಡಿಶ್, ಡೆಸರ್ಟ್, ಡ್ರಿಂಕ್ಸ್ ಎಂಬ ಕಾಲಂಗಳ ಪಕ್ಕದಲ್ಲೇ ‘ಆರ್ ಡರ್ವ್’ ಎಂಬ ಇನ್ನೊಂದು ಕಾಲಂ ಇರುತ್ತದೆ. ಬರೆಯುವಾಗ ಸುಮಾರು ಹನ್ನೆರಡು ಅಕ್ಷರ, ಹೇಳುವಾಗ ಅದರಲ್ಲಿ ಅರ್ಧವೂ ಕೇಳಿಸದ ಫ್ರೆಂಚ್ ಪದ. ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮವರು ಇಲ್ಲಿ ತಡವರಿಸುತ್ತಾರೆ. ಪುಳಿಯೋಗರೆ ಈ ಕಾಲಂಗೆ ಬರುತ್ತದೆಯೇ? ಮಸಾಲೆ ವಡೆ? ಅಂಗಡಿಯಿಂದ ತಂದ ಚಿಪ್ಸ್ ಪೊಟ್ಟಣ?

ತಿಂಡಿ ಯಾವ ದೇಶದ್ದು, ಎಷ್ಟು ದುಬಾರಿ, ಎಷ್ಟು ಚೆಂದ ಎಂಬುದನ್ನೆಲ್ಲ ಬದಿಗಿಡಿ. ನೋಡಬೇಕಾದದ್ದು ತಿನ್ನುವವರ ಕೈಯನ್ನು.

ಒಂದು ಕೈಯ ಲೆಕ್ಕ

ಇಂಥ ಪಾರ್ಟಿಯಲ್ಲಿ ಬಹುತೇಕರು ನಿಂತೇ ಇರುತ್ತಾರೆ. ಎಡಗೈಯಲ್ಲಿ ಗ್ಲಾಸು ಇರುತ್ತದೆ. ಯಾರಾದರೂ ಬಂದು ಕೈಕುಲುಕಿದರೆ ಎಂದು ಬಲಗೈ ಆದಷ್ಟೂ ಖಾಲಿ ಇರಬೇಕು. ಎದುರಿಗೆ ಬೇರೆ ವಿಭಾಗದ ಮ್ಯಾನೇಜರ್ ನಿಂತಿರಬಹುದು, ಅವರು ಕೇಳಿದ್ದಕ್ಕೆ ತಕ್ಷಣ ಉತ್ತರಿಸಲು ಬಾಯಿಯೂ ಬಿಡುವಾಗಿರಬೇಕು. ಹಾಗಾಗಿ ಆರ್ ಡರ್ವ್ ಎನಿಸಿಕೊಳ್ಳಲು ನಾಲ್ಕು ಷರತ್ತುಗಳು: ಬೆರಳಲ್ಲಿ ಅಥವಾ ಟೂತ್‌ಪಿಕ್‌ನಲ್ಲಿ ಎತ್ತಿಕೊಳ್ಳುವಂತಿರಬೇಕು. ಒಂದು, ಹೆಚ್ಚೆಂದರೆ ಎರಡು ತುತ್ತಿಗೆ ಮುಗಿಯಬೇಕು. ಚಾಕು, ಫೋರ್ಕ್ ಬೇಕಾಗಬಾರದು. ಅಂಗಿಯ ಮೇಲೆ ಸೋರಬಾರದು, ಉದುರಬಾರದು.

ಈ ಲೆಕ್ಕದಲ್ಲಿ ಅಮೆರಿಕನ್ನರ ಮಾಮೂಲಿ ತಿಂಡಿಗಳನ್ನು ನೋಡಿ. ಬೇಯಿಸಿದ ಮೊಟ್ಟೆಯನ್ನು ಹೋಳು ಮಾಡಿ, ಹಳದಿಯನ್ನು ಮೇಯೊನೇಸ್, ಸಾಸಿವೆಯೊಂದಿಗೆ ಕಿವುಚಿ ಮತ್ತೆ ಹೋಳಿನಲ್ಲೇ ತುಂಬಿಸುವ ಡೆವಿಲ್ಡ್ ಎಗ್ಸ್ ಸಲ್ಲುತ್ತದೆ. ಪುಟ್ಟ ಟೊಮೆಟೊ, ಮೊಜರೆಲ್ಲಾ ಚೀಸ್, ತುಳಸಿಯ ಜಾತಿಯ ಬೇಸಿಲ್ ಎಲೆಯನ್ನು ಕಡ್ಡಿಗೆ ಚುಚ್ಚಿದ ಕಾಪ್ರೇಸೆ ಸಲ್ಲುತ್ತದೆ. ಸಿಗಡಿಯ ಬಾಲವೇ ಹಿಡಿಕೆಯಾಗುವುದರಿಂದ ಶ್ರಿಂಪ್ ಕಾಕ್‌ಟೇಲ್‌ಗೂ ಅಡ್ಡಿಯಿಲ್ಲ. ಚಿಕನ್ ವಿಂಗ್ಸ್ ಹೋಟೆಲಿನ ಮೆನುವಿನಲ್ಲಿ ಅಪಟೈಜರ್ ಹೌದು, ಇಲ್ಲಿ ಮಾತ್ರ ಕಷ್ಟ. ಬೆರಳೆಲ್ಲ ಅಂಟು, ಮೂಳೆ ಎಲ್ಲಿ ಹಾಕುವುದೆಂಬ ಪರದಾಟ ಬೇರೆ. ಸಲಾಡ್, ಪಾಸ್ತಾ, ಲಸಾನ್ಯ ಸಲ್ಲುವುದೇ ಇಲ್ಲ. ಕುಕೀ, ಕೇಕ್ ತುತ್ತಿನ ಗಾತ್ರಕ್ಕಿದ್ದರೂ ಅವು ಡೆಸರ್ಟ್ ಕಾಲಂಗೆ ಹೋಗುತ್ತವೆ.

ಅಪಟೈಜರ್, ಆರ್ ಡರ್ವ್ ಎರಡೂ ಒಂದೇ ಎಂದು ಹಲವರು ಬಳಸುತ್ತಾರೆ. ಕೇಟರಿಂಗ್‌ನವರ ಲೆಕ್ಕದಲ್ಲಿ ಊಟಕ್ಕೆ ಕೂತ ಮೇಲೆ ತಟ್ಟೆಯಲ್ಲಿ ಮೊದಲು ಬರುವುದು ಅಪಟೈಜರ್, ಕೂರುವ ಮುಂಚೆ ಓಡಾಡಿಕೊಂಡು ತಿನ್ನುವುದು ಆರ್ ಡರ್ವ್. ಬ್ರೆಡ್ ಅಥವಾ ಕ್ರ್ಯಾಕರ್ ಮೇಲೆ ಏನಾದರೂ ಏರಿಸಿದ್ದರೆ ಅದು ಕನಾಪೆ, ಆರ್ ಡರ್ವ್‌ನದೇ ಒಂದು ಬಗೆ.

ಡಿಪ್ ಬಗ್ಗೆ ಮಾತ್ರ ತಕರಾರು ಉಂಟು. ದೊಡ್ಡ ಬೋಗುಣಿಯಲ್ಲಿ ಪಾಲಕ್ ಡಿಪ್ ಇಟ್ಟು ಸುತ್ತಲೂ ಚಿಪ್ಸ್ ಹರವಿದರೆ ಆಫೀಸಿನಲ್ಲಿ ಯಾರೂ ಬೇಡ ಎನ್ನುವುದಿಲ್ಲ. ಆದರೆ ಕಚ್ಚಿದ ಚಿಪ್ಸನ್ನೇ ಮತ್ತೆ ಅದ್ದುವವರು ಎಲ್ಲ ಊರಿನಲ್ಲೂ ಇದ್ದಾರೆ, ಎಂಜಲಿನ ಹೇಸಿಗೆ ಅಮೆರಿಕನ್ನರಿಗೂ ಇದೆ. ಅದಕ್ಕೊಂದು ಉಪಾಯ: ಪುಟ್ಟ ಕಪ್ಪುಗಳ ತಳಕ್ಕೆ ಒಂದೊಂದು ಚಮಚ ಡಿಪ್ ಹಾಕಿ, ಉದ್ದುದ್ದ ಹೆಚ್ಚಿದ ಕ್ಯಾರೆಟ್, ಸೌತೆಕಾಯಿ ಹೋಳುಗಳನ್ನು ಅದರಲ್ಲೇ ನಿಲ್ಲಿಸಿ. ಒಬ್ಬರಿಗೆ ಒಂದು ಕಪ್ಪು.

ನಮ್ಮ ಅಡುಗೆಮನೆಯಿಂದ

ಪುಳಿಯೋಗರೆ, ಬಿಸಿಬೇಳೆಬಾತ್ ಎಷ್ಟೇ ರುಚಿಯಾಗಿದ್ದರೂ ಮೇನ್ ಡಿಶ್ ಕಾಲಂನಲ್ಲೇ ಬರೆಯಿರಿ. ಮದ್ದೂರು ವಡೆ ಅಂಗೈ ಅಗಲದ್ದು, ಮುರಿದರೆ ಉದುರುತ್ತದೆ. ಒಂದೂವರೆ ಇಂಚಿನ ವಡೆ ತಟ್ಟಿಕೊಂಡರೆ ಆದೀತು. ಕೋಡುಬಳೆ, ಚಕ್ಕುಲಿ ಕುರುಕಲು ತಿಂಡಿಯಾಗಿ ಮೇಜಿನ ಸಂದುಗಳನ್ನು ತುಂಬಿಸುತ್ತವೆ.

ಈ ಕಾಲಂಗೆ ಹೇಳಿ ಮಾಡಿಸಿದ್ದೆಂದರೆ ಪಡ್ಡು. ದುಂಡಗೆ, ಒಂದು ತುತ್ತಿಗೆ ಸರಿಯಾಗಿ, ಹೊರಗೆ ಗರಿ, ಒಳಗೆ ಮೆತ್ತಗೆ. ಹಂಚು ಊರಿನಿಂದ ತರದವರೂ ಚಿಂತಿಸಬೇಕಿಲ್ಲ. ಡೆನ್ಮಾರ್ಕಿನವರು ಕ್ರಿಸ್‌ಮಸ್‌ಗೆ ಮಾಡುವ ಎಬ್ಲೆಸ್ಕಿವರ್ ಎಂಬ ಸಿಹಿ ತಿಂಡಿಗೂ ಹೀಗೇ ಗುಳಿಗಳಿರುವ ಹಂಚು ಬೇಕು, ಅದು ಅಮೆರಿಕದಲ್ಲಿ ಸಿಗುತ್ತದೆ. ಚಟ್ನಿಯನ್ನು ಪ್ರತ್ಯೇಕ ಬಟ್ಟಲಲ್ಲಿ ಇಟ್ಟರೆ ಸೋರುವುದು ಖಚಿತ. ಗಟ್ಟಿಯಾಗಿ ರುಬ್ಬಿ, ಕಾಗದದ ಪುಟ್ಟ ಕಪ್ಪಿನ ತಳಕ್ಕೆ ಅರ್ಧ ಚಮಚ ಹಾಕಿ ಮೇಲೆ ಪಡ್ಡು ಕೂರಿಸಿ.

ಎರಡನೆಯದು ನಿಪ್ಪಟ್ಟು. ಬೆಂಗಳೂರಿನ ಚಾಟ್ ಗಾಡಿಗಳವರು ಇದರ ಮೇಲೆ ಈರುಳ್ಳಿ, ಕ್ಯಾರೆಟ್ ಏರಿಸಿ ನಿಪ್ಪಟ್ಟು ಮಸಾಲೆ ಮಾಡುತ್ತಾರಲ್ಲ, ಅದು ಕನಾಪೆಯೇ. ಕನಾಪೆಯ ಕಟ್ಟಡದಲ್ಲಿ ನಾಲ್ಕು ಪದರ: ಗಟ್ಟಿ ತಳ, ಸವರುವ ಪದರ, ಮೇಲಿನ ಹೂರಣ, ಕೊನೆಗೆ ಅಲಂಕಾರ. ಎರಡನೆಯ ಪದರ ಬರೀ ರುಚಿಗಲ್ಲ. ಬೆಣ್ಣೆ, ಕ್ರೀಮ್ ಚೀಸ್‌ನಂಥ ಜಿಡ್ಡಿನ ಪದರ ಮೇಲಿನ ತೇವ ತಳಕ್ಕಿಳಿಯದಂತೆ ತಡೆಯುತ್ತದೆ, ತಳ ಬೇಗ ಮೆತ್ತಗಾಗುವುದಿಲ್ಲ. ರೂಪಾಯಿಗಿಂತ ಸ್ವಲ್ಪ ದೊಡ್ಡ ನಿಪ್ಪಟ್ಟಿಗೆ ತೆಳುವಾಗಿ ಕ್ರೀಮ್ ಚೀಸ್ ಸವರಿ, ಮೇಲೆ ಸಣ್ಣಗೆ ತುರಿದ ಕ್ಯಾರೆಟ್–ಹೆಸರುಬೇಳೆ ಕೋಸಂಬರಿ, ತುದಿಗೊಂದು ಕೊತ್ತಂಬರಿ ಎಲೆ. ಕೋಸಂಬರಿಗೆ ಉಪ್ಪನ್ನು ಆಫೀಸಿನಲ್ಲೇ ಹಾಕಿ. ಮನೆಯಲ್ಲೇ ಹಾಕಿದರೆ ನೀರು ಬಿಟ್ಟುಕೊಂಡು ಎಲ್ಲವನ್ನೂ ಕೆಡಿಸುತ್ತದೆ. ಜೋಡಿಸುವ ಕೆಲಸ ಪಾರ್ಟಿಗೆ ಅರ್ಧ ಗಂಟೆ ಮುಂಚೆ ಸಾಕು. ಹಸಿಮೆಣಸಿನಕಾಯಿ ಅರ್ಧಕ್ಕಿಳಿಸಿ.

ಎಷ್ಟು ಬೇಕು?

ಆಹ್ವಾನ ಪತ್ರವನ್ನು ಸರಿಯಾಗಿ ಓದಿದರೆ ಅರ್ಧ ಉತ್ತರ ಅಲ್ಲೇ ಇರುತ್ತದೆ. ‘ಲೈಟ್ ಆರ್ ಡರ್ವ್’ ಎಂದಿದ್ದರೆ ಊಟ ಸಿಗುವುದಿಲ್ಲ, ಮನೆಯಲ್ಲೇ ತಿಂದು ಬನ್ನಿ ಎಂದು ಅರ್ಥ. ‘ಹೆವಿ ಆರ್ ಡರ್ವ್’ ಎಂದರೆ ತುತ್ತುಗಳಲ್ಲೇ ಹೊಟ್ಟೆ ತುಂಬಿಸುತ್ತೇವೆ ಎಂದು. ಮುಂದೆ ಊಟ ಇದ್ದರೆ ತಲೆಗೆ 4ರಿಂದ 6 ತುಂಡು, ಇದೇ ಊಟವಾದರೆ 10ರಿಂದ 12 ಎಂಬುದು ಕೇಟರಿಂಗ್‌ನವರ ರೂಢಿಯ ಅಂದಾಜು. 30 ಜನರಿಗೆ 12ರಂತೆ 360 ತುಂಡು. ಎಂಟು ಜನ ಈ ಕಾಲಂನಲ್ಲಿ ಹೆಸರು ಕೊಟ್ಟಿದ್ದರೆ ನಿಮ್ಮ ಪಾಲಿಗೆ 45 ಬರುತ್ತದೆ. ನೂರು ಪಡ್ಡು ಹೊತ್ತೊಯ್ದು ಎಪ್ಪತ್ತು ವಾಪಸು ತರುವ ಪ್ರಮೇಯವಿಲ್ಲ.

ಮೇಜಿನ ಮೇಲಿನ ಶಿಸ್ತು

ಆಫೀಸಿನಲ್ಲಿ ಒಲೆ ಇರುವುದಿಲ್ಲ. ಒಂದೇ ಮೈಕ್ರೋವೇವ್ ಮುಂದೆ ಸಾಲು ಇರುತ್ತದೆ. ತಣ್ಣಗಾದರೂ ರುಚಿ ಕೆಡದ ತಿಂಡಿಯನ್ನೇ ಆರಿಸುವುದು ಜಾಣತನ.

ಅಮೆರಿಕದ ಆಹಾರ ಸುರಕ್ಷತಾ ನಿಯಮದ ಪ್ರಕಾರ 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಮೊಟ್ಟೆ, ಮೊಸರು, ಚೀಸ್, ತೆಂಗಿನಕಾಯಿ ಚಟ್ನಿಯಂಥವನ್ನು ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಅರ್ಧವನ್ನು ಫ್ರಿಜ್‌ನಲ್ಲಿಟ್ಟು, ಮೊದಲಿನದು ಖಾಲಿಯಾದ ಮೇಲೆ ತೆಗೆಯಿರಿ.

ತಟ್ಟೆಯ ಮುಂದೆ ಒಂದು ಚೀಟಿ ಇಡುವುದನ್ನು ಮರೆಯಬೇಡಿ. ಹಾಲು, ಮೊಟ್ಟೆ, ಮೀನು, ಸಿಗಡಿ–ಏಡಿಯ ಜಾತಿ, ಗೋಡಂಬಿ–ಬಾದಾಮಿಯಂಥ ಬೀಜಗಳು, ಕಡಲೆಕಾಯಿ, ಗೋಧಿ, ಸೋಯಾ, ಎಳ್ಳು: ಈ ಒಂಬತ್ತನ್ನು ಅಮೆರಿಕದ ಕಾನೂನು ಪ್ರಮುಖ ಅಲರ್ಜಿ ಪದಾರ್ಥಗಳೆಂದು ಗುರುತಿಸಿದೆ. ಎಳ್ಳು ಸೇರಿದ್ದು 2023ರ ಜನವರಿ 1ರಿಂದ. ನಿಪ್ಪಟ್ಟಿನಲ್ಲಿ ಕಡಲೆಕಾಯಿ ಇದೆ, ಸಾಮಾನ್ಯವಾಗಿ ಎಳ್ಳೂ ಇರುತ್ತದೆ. ನಿಮಗೆ ಸಾಮಾನ್ಯವೆನಿಸುವ ಕಡಲೆಕಾಯಿಯೇ, ಅಲರ್ಜಿ ಇರುವವರಿಗೆ ಪ್ರಾಣಾಂತಿಕವಾಗಬಹುದು.

ತಿನ್ನುವ ಸಸ್ಯಾಹಾರಿಗಳಿಗೂ ಎರಡು ಮಾತು. ತುಂಬಿದ ಅಣಬೆಯೊಳಗೆ ಸಾಸೇಜ್ ಇರಬಹುದು, ಕೇಳಿಯೇ ಎತ್ತಿಕೊಳ್ಳಿ. ಅಸಲಿ ಪಾರ್ಮಿಜಾನೊ–ರೆಜಾನೊ ಚೀಸ್‌ಗೆ ಹಾಲು ಒಡೆಯಲು ಬಳಸುವ ರೆನೆಟ್ ಕರುವಿನ ಜಠರದಿಂದ ತೆಗೆದದ್ದು. ವೂಸ್ಟರ್‌ಶೈರ್ ಸಾಸ್‌ನಲ್ಲಿ ಸಾಮಾನ್ಯವಾಗಿ ಆಂಚೊವಿ ಮೀನು ಇರುತ್ತದೆ.

ಪಟ್ಟಿಯಲ್ಲಿ ಹೆಸರು ಬರೆಯುವ ಮುಂಚೆ ಮನೆಯಲ್ಲೇ ಒಂದು ಪರೀಕ್ಷೆ ಮಾಡಿ. ಎಡಗೈಯಲ್ಲಿ ತುಂಬಿದ ಲೋಟ ಹಿಡಿದು ನಿಂತು, ನಿಮ್ಮ ತಿಂಡಿಯನ್ನು ಬಲಗೈಯಲ್ಲಿ ತಿನ್ನಿ. ಅಂಗಿಯ ಮೇಲೆ ಏನೂ ಬೀಳದಿದ್ದರೆ ಅದು ಆರ್ ಡರ್ವ್. ಬಿದ್ದರೆ ಸೈಡ್ ಡಿಶ್ ಕಾಲಂನಲ್ಲಿ ಬರೆಯಿರಿ, ಅಲ್ಲೂ ಜಾಗ ಇರುತ್ತದೆ.