ಎಡಗೈಗೆ ಕತ್ತರಿ ಯಾಕೆ ಒಗ್ಗದು?

ಹೊಲಿಗೆ ಕಲಿಯುತ್ತಿದ್ದೇನೆ. ನಾನು ಎಡಚಿ. ಹೊಸ ಕತ್ತರಿಯೂ ನನ್ನ ಕೈಯಲ್ಲಿ ಬಟ್ಟೆ ಕತ್ತರಿಸದೆ ಮಡಚಿಬಿಡುತ್ತದೆ. ಯಾಕೆ?
– ಓದುಗರೊಬ್ಬರು, ಜಿಗಣಿ

ತಪ್ಪು ನಿಮ್ಮ ಕೈಯದಲ್ಲ. ಕತ್ತರಿ ಬಟ್ಟೆಯನ್ನು ತುಂಡರಿಸುವುದು ಅಲಗಿನ ಹರಿತದಿಂದ ಮಾತ್ರವಲ್ಲ, ಎರಡು ಅಲಗುಗಳು ಒಂದಕ್ಕೊಂದು ಒತ್ತಿ ಉಜ್ಜಿಕೊಂಡು ಹೋಗುವುದರಿಂದ. ನಾವು ಕತ್ತರಿಯನ್ನು ಮುಚ್ಚುವಾಗ ನಮಗೆ ಗೊತ್ತಿಲ್ಲದೆಯೇ ಹೆಬ್ಬೆರಳು ತನ್ನ ಹಿಡಿಯನ್ನು ಅಂಗೈಯಿಂದ ಆಚೆಗೆ ತಳ್ಳುತ್ತದೆ, ಉಳಿದ ಬೆರಳುಗಳು ಈಚೆಗೆ ಎಳೆಯುತ್ತವೆ. ಬಲಗೈಯಲ್ಲಿ ಈ ಓರೆ ಒತ್ತಡ ಅಲಗುಗಳನ್ನು ಬಿಗಿಯಾಗಿ ಕೂಡಿಸುತ್ತದೆ. ಅದೇ ಕತ್ತರಿ ಎಡಗೈಗೆ ಬಂದರೆ ಒತ್ತಡದ ದಿಕ್ಕು ತಿರುವುಮುರುವಾಗಿ ಅಲಗುಗಳು ದೂರ ಸರಿಯುತ್ತವೆ. ಬೆಳಕಿಗೆ ಹಿಡಿದು ಮುಚ್ಚಿ ನೋಡಿ, ನಡುವೆ ಕೂದಲೆಳೆಯಷ್ಟು ಸಂದು ಕಂಡೀತು. ಸಡಿಲ ಬಾಗಿಲ ಸಂದಿಗೆ ಸಿಕ್ಕ ಸೆರಗಿನಂತೆ ಬಟ್ಟೆ ಅಲ್ಲಿ ತುಂಡಾಗದೆ ಸಿಕ್ಕಿಕೊಳ್ಳುತ್ತದೆ.

ಇನ್ನೊಂದು ತೊಡಕೂ ಇದೆ: ಚಾಕ್‌ಪೀಸಿನಲ್ಲಿ ಹಾಕಿದ ಗುರುತು ಮೇಲಿನ ಅಲಗಿನ ಹಿಂದೆ ಮರೆಯಾಗುತ್ತದೆ.

ಕತ್ತರಿಯನ್ನು ಮಗುಚಿ ಹಿಡಿದರೂ ಪ್ರಯೋಜನವಿಲ್ಲ. ಬಲಗಾಲಿನ ಚಪ್ಪಲಿಯನ್ನು ತಿರುಗಿಸಿದರೆ ಎಡಗಾಲಿನದಾಗದು ಎಂಬಂತೆ, ಹೇಗೆ ಹಿಡಿದರೂ ಬಲಭಾಗದ ಅಲಗೇ ಮೇಲಿರುತ್ತದೆ. ಎಡಗೈ ಕತ್ತರಿಯಲ್ಲಿ ಎಡ ಅಲಗು ಮೇಲಿರುತ್ತದೆ. ಅದನ್ನೇ ಕೇಳಿ ಕೊಳ್ಳಿ. ಸಿಗುವವರೆಗೆ ಹೆಬ್ಬೆರಳನ್ನು ಅಂಗೈ ಕಡೆಗೆ ಎಳೆದು, ಉಳಿದ ಬೆರಳುಗಳನ್ನು ಹೊರಕ್ಕೆ ಒತ್ತಿ ಕತ್ತರಿಸಿ. ಕೈ ಬೇಗ ನೋಯುತ್ತದೆ, ಆದರೆ ಬಟ್ಟೆ ತುಂಡಾಗುತ್ತದೆ. ಹತ್ತರಲ್ಲಿ ಸುಮಾರು ಒಬ್ಬರು ಎಡಚರು. ಪ್ರತಿ ಹೊಲಿಗೆ ತರಗತಿಯಲ್ಲೂ ಒಂದು ಎಡಗೈ ಕತ್ತರಿ ಇರಲೇಬೇಕು.