ಸ್ವಸ್ಥರಿಗೆ ಸ್ಕ್ಯಾನ್ ಬೇಕೆ?

ಏಡಿಗಂತಿಯೆಂದು ಹಿಂದಿನವರು ಕರೆಯುತ್ತಿದ್ದ ಕ್ಯಾನ್ಸರ್ ರೋಗವು ಮೊಳಕೆಯಲ್ಲಿಯೇ ಗೋಚರವಾದರೆ ಚಿವುಟಿಹಾಕಬಹುದಷ್ಟೆ. ಹಾಗಾದಮೇಲೆ, ಯಾವ ಬೇನೆಯೂ ಇಲ್ಲದಿರುವಾಗಲೇ ಇಡೀ ದೇಹವನ್ನು ಸಿ.ಟಿ. ಯಂತ್ರದಲ್ಲಿಟ್ಟು ನೋಡಿಬಿಡುವುದು ಜಾಣತನವಲ್ಲವೆ? ಹಣ ತೆತ್ತವರಿಗೆ ಇಂಥ ಪರೀಕ್ಷೆ ಈಗ ದೊಡ್ಡ ನಗರಗಳಲ್ಲಿ ದೊರೆಯುತ್ತದೆ. ತರ್ಕವೇನೋ ನೇರವಾಗಿದೆ, ಲೆಕ್ಕ ಅಷ್ಟು ನೇರವಾಗಿಲ್ಲ.

ಭೌತವಿಜ್ಞಾನವನ್ನು ಬೋಧಿಸುವ ನಮಗೆ ಮೊದಲು ತೋರುವುದು ವಿಕಿರಣದ ಪ್ರಶ್ನೆ. ಸಿ.ಟಿ. ಯಂತ್ರವು ಕ್ಷ-ಕಿರಣದ ಆಕರವನ್ನು ದೇಹದ ಸುತ್ತ ತಿರುಗಿಸಿ, ನೂರಾರು ದಿಕ್ಕುಗಳಿಂದ ಪಡೆದ ನೆರಳುಗಳನ್ನು ಗಣಕಯಂತ್ರದಿಂದ ಕೂಡಿಸಿ ಚಿತ್ರವನ್ನು ರಚಿಸುತ್ತದೆ. ಎದೆಯ ಸಾಧಾರಣ ಕ್ಷ-ಕಿರಣ ಚಿತ್ರಕ್ಕೆ 0.1 ಮಿಲಿಸೀವರ್ಟ್ ಬೇಕಾಗಲಾರದು. ಎದೆಯಿಂದ ಕಿಬ್ಬೊಟ್ಟೆಯವರೆಗಿನ ಸಿ.ಟಿ.ಗೆ 10ನ್ನೂ ಮೀರಬಹುದು. ನೆಲ, ಗಾಳಿ, ಆಕಾಶಗಳಿಂದ ನಮಗೆ ಹೇಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ಬರುತ್ತಲೇ ಇರುತ್ತದೆ. ತಜ್ಞರ ಅಂದಾಜಿನಂತೆ, 10 ಮಿಲಿಸೀವರ್ಟ್ ಪಡೆದ ಸುಮಾರು 2,000 ಮಂದಿಯಲ್ಲಿ ಒಬ್ಬರಿಗೆ ಅದರಿಂದಲೇ ಮುಂದೆ ಮಾರಕ ಕ್ಯಾನ್ಸರ್ ಉಂಟಾಗಬಹುದು. ಎಳೆಯರಿಗೆ ಅಪಾಯ ಹೆಚ್ಚು. ಇದು ಪ್ರತ್ಯಕ್ಷ ಅಳತೆಯಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಮುಖ್ಯವಾಗಿ ಹಿರೋಷಿಮಾ, ನಾಗಸಾಕಿಗಳಲ್ಲಿ ಬದುಕುಳಿದವರ ಅಧ್ಯಯನದಿಂದ ದೊರೆತ ರೇಖೆಯನ್ನು ಕೆಳಕ್ಕೆ ಎಳೆದು ಪಡೆದ ಫಲವಿದು.

ಲಾಭದ ಪಕ್ಷಕ್ಕೂ ನ್ಯಾಯ ಸಲ್ಲಬೇಕು. ಅಮೆರಿಕದಲ್ಲಿ 2002ರಿಂದ 2004ರವರೆಗೆ, 55ರಿಂದ 74 ವಯಸ್ಸಿನ 53,454 ಮಂದಿ ಭಾರಿ ಧೂಮಪಾನಿಗಳನ್ನು ಒಂದು ಪ್ರಯೋಗಕ್ಕೆ ಸೇರಿಸಿಕೊಂಡರು. ಒಂದು ಗುಂಪಿಗೆ ವರ್ಷಕ್ಕೊಮ್ಮೆಯಂತೆ ಮೂರು ಸಲ ಅಲ್ಪ ವಿಕಿರಣದ ಸಿ.ಟಿ., ಅಷ್ಟೇ ದೊಡ್ಡ ಇನ್ನೊಂದಕ್ಕೆ ಸಾಧಾರಣ ಕ್ಷ-ಕಿರಣ. 2011ರಲ್ಲಿ ಫಲ ಪ್ರಕಟವಾಯಿತು. ಶ್ವಾಸಕೋಶದ ಕ್ಯಾನ್ಸರಿನಿಂದ ಸತ್ತವರು ಮೊದಲನೆಯದರಲ್ಲಿ 356, ಎರಡನೆಯದರಲ್ಲಿ 443. ಶೇಕಡ 20ರಷ್ಟು ಇಳಿತವೆಂದರೆ ಸಾಮಾನ್ಯವಲ್ಲ. ಆದರೆ ಅದನ್ನೇ ಬೇರೆ ಬಗೆಯಲ್ಲಿ ಹೇಳಿದರೆ, ಒಂದು ಪ್ರಾಣವುಳಿಯಲು ಸುಮಾರು 320 ಮಂದಿಯನ್ನು ಪರೀಕ್ಷಿಸಬೇಕಾಯಿತು. ಸಿ.ಟಿ. ಗುಂಪಿನ ನೂರರಲ್ಲಿ 39 ಮಂದಿಗೆ ಒಮ್ಮೆಯಾದರೂ ಸಂಶಯದ ಉತ್ತರ ಬಂದಿತು. ಆ ಉತ್ತರಗಳಲ್ಲಿ ಶೇಕಡ 96ಕ್ಕೂ ಮಿಕ್ಕು ಹುಸಿ. ನಮ್ಮ ದೇಶದಲ್ಲಾದರೆ ಕ್ಷಯದ ಹಳೆಯ ಕಲೆಗಳೂ ಗಂಟಿನಂತೆ ಕಂಡು ಸಂಶಯವನ್ನು ಹೆಚ್ಚಿಸುತ್ತವೆ.

ಇವರು ಅಪಾಯದ ಅಂಚಿನಲ್ಲಿದ್ದ ಧೂಮಪಾನಿಗಳು. ಸ್ವಸ್ಥ ತರುಣರ ಗತಿಯೇನು? ಊಹೆಯ ಅಂಕಿಗಳಿಂದ ನೋಡೋಣ. 10,000 ಮಂದಿಯಲ್ಲಿ 10 ಮಂದಿಗೆ ರೋಗವಿದೆ. ಪರೀಕ್ಷೆ ಅವರಲ್ಲಿ 9 ಮಂದಿಯನ್ನು ಹಿಡಿಯುತ್ತದೆ, ನಿರೋಗಿಗಳಲ್ಲಿ ಹತ್ತಕ್ಕೊಬ್ಬರನ್ನು ರೋಗಿಯೆನ್ನುತ್ತದೆ. ಆಗ ಸಂಶಯಕ್ಕೆ ಒಳಗಾದವರು 1,008, ನಿಜವಾದ ರೋಗಿಗಳು 9. ಉಳಿದ 999 ಮಂದಿ ನಿದ್ರೆಗೆಟ್ಟು, ಸೂಜಿ ಚುಚ್ಚಿಸಿಕೊಂಡು, ಕೆಲವರು ಕತ್ತರಿಗೂ ಮೈಯೊಡ್ಡಬೇಕಾಗುತ್ತದೆ! ರೋಗಲಕ್ಷಣವನ್ನು ಕಂಡು ವೈದ್ಯರು ಮಾಡಿಸುವ ಸ್ಕ್ಯಾನಿಗೆ ಮಾತ್ರ ಈ ಲೆಕ್ಕ ಹೊಂದದು. ಅಲ್ಲಿ ರೋಗದ ಸಂಭವವೇ ಹೆಚ್ಚು.

ವಿಕಿರಣವೇ ಇಲ್ಲದ ಪರೀಕ್ಷೆಯಾದರೆ? ದಕ್ಷಿಣ ಕೊರಿಯದಲ್ಲಿ 1999ರ ಬಳಿಕ, ಬೇರೆ ಕ್ಯಾನ್ಸರುಗಳ ತಪಾಸಣೆಯ ಜೊತೆಗೆ ಥೈರಾಯಿಡ್ ಗ್ರಂಥಿಯನ್ನೂ ಶ್ರವಣಾತೀತ ಧ್ವನಿಯಿಂದ ನೋಡುವ ರೂಢಿ ಹಬ್ಬಿತು. 2011ರ ವೇಳೆಗೆ ಥೈರಾಯಿಡ್ ಕ್ಯಾನ್ಸರ್ 1993ರಲ್ಲಿದ್ದುದರ 15ರಷ್ಟಾಯಿತು. ಸಾವುಗಳ ಪ್ರಮಾಣ ಮಾತ್ರ ಬದಲಾಗಲಿಲ್ಲ. ಎಂದೂ ಕೇಡು ಮಾಡದಿದ್ದ ಗಂಟುಗಳೇ ಹೆಚ್ಚಾಗಿ ಸಿಕ್ಕಿಬಿದ್ದಿದ್ದವು. ಬಹುತೇಕ ಎಲ್ಲರೂ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ನೂರರಲ್ಲಿ ಇಬ್ಬರ ಧ್ವನಿತಂತುಗಳಿಗೆ ಪಾರ್ಶ್ವವಾಯು ತಗುಲಿತು. 2014ರಲ್ಲಿ ಅಲ್ಲಿನ ಕೆಲವು ವೈದ್ಯರೇ ಈ ತಪಾಸಣೆ ಬೇಡವೆಂದು ಬಹಿರಂಗವಾಗಿ ಸಾರಿದರು. ಮುಂದಿನ ಒಂದು ವರ್ಷದೊಳಗೆ ಥೈರಾಯಿಡ್ ಶಸ್ತ್ರಚಿಕಿತ್ಸೆಗಳು ಮೂರನೆಯ ಒಂದು ಪಾಲಿನಷ್ಟು ಇಳಿದವು.